ಗುರುವಾರದ ಮಾಫಿ

ಮಗಳ ಯೂನಿಫಾರ್ಮಿನ ತೋಳು ಬೆಳಗಾದರೂ ಒಣಗಿರಲಿಲ್ಲ. ಇಸ್ತ್ರಿಪೆಟ್ಟಿಗೆ ಇಟ್ಟ ಕೂಡಲೇ ಚುಸ್ಸೆಂದು ಹಬೆ ಎದ್ದು ಟೀಚರ್ ಮುಖಕ್ಕೆ ಹೊಡೆಯಿತು, ಅದರ ಜೊತೆಗೇ ನಿನ್ನೆಯ ಪ್ರಶ್ನೆಯೂ ಎದ್ದು ಬಂತು. ಪಾಪ ಬರುತ್ತಾ ಟೀಚರ್? ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನ ಬಾಗಿಲ ಹೊರಗೆ, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು, ಒಳಗೂ ಬಾರದೆ ಹೊರಗೂ ಹೋಗದೆ ನಿಂತು ಕೇಳಿದವಳು ಏಳನೇ ತರಗತಿಯ ಹುಡುಗಿ, ಹಾಸಿಗೆ ಹೊಲಿಯುವವರ ಮಗಳು. ‘ಯಾರಾದ್ರೂ ಮಾಫಿ ಕೇಳಿದಾಗ ನಾನು ಮಾಡಲ್ಲ ಅಂದ್ರೆ ಪಾಪ ಬರುತ್ತಾ ಟೀಚರ್?’ ಟೀಚರಿಗೆ ಉತ್ತರ ಗೊತ್ತಿತ್ತು. ಗೊತ್ತಿರುವುದೇನು, ಅದನ್ನು ಕಲಿಸುವುದೇ ಅವಳ ಕೆಲಸ. ಶಾಲೆಯಲ್ಲಿ ಮಕ್ಕಳಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರಿಗೂ ಅವಳು ‘ನೀತಿ ಟೀಚರ್’. ಅಲ್ಲಾಹನಿಗೆ ಮಾಡಿದ ತಪ್ಪನ್ನು ಅಲ್ಲಾಹನು ಮನ್ನಿಸಿಯಾನು, ಆದರೆ ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಮನ್ನಿಸಬೇಕು. ಮನ್ನಿಸುವುದು ದೊಡ್ಡದು ನಿಜ, ಆದರೆ ಮನ್ನಿಸದೆ ಬಿಡುವುದೂ ನೊಂದವರ ಹಕ್ಕೇ. ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆದು ಪಾಠ ಮಾಡುವ ಮಾತು ಇದು. ಇಲ್ಲಮ್ಮ, ಬರಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವಳು ಅಂದದ್ದು ಮಾತ್ರ, ‘ಮಾಫ್ ಮಾಡೋರು ದೊಡ್ಡ ಮನಸ್ಸಿನವರು ಕಣಮ್ಮ, ಅಂಥವರಂದ್ರೆ ಅಲ್ಲಾಹನಿಗೆ ಬಹಳ ಇಷ್ಟ.’ ಸುಳ್ಳೇನಲ್ಲ. ಆದರೆ ಹುಡುಗಿ ಕೇಳಿದ್ದಕ್ಕೆ ಅದು ಉತ್ತರವಲ್ಲ, ಮತ್ತು ಅದು ಉತ್ತರವಲ್ಲ ಎಂದು ಹುಡುಗಿಗೂ ಗೊತ್ತಾಯಿತು. ‘ಹ್ಞೂಂ ಟೀಚರ್’ ಎಂದು ಮೇಲಿನ ಪಾದ ಕೆಳಗಿಳಿಸಿ ಹೊರಟುಹೋದಳು.

ನಾಳೆ ಅತಿಥಿಗಳು ಬರದೇ ಇದ್ದಿದ್ದರೆ ಸರಿಯಾದ ಉತ್ತರವನ್ನೇ ಕೊಡುತ್ತಿದ್ದೆನೇನೋ ಎಂದು ರಾತ್ರಿಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ. ಆ ನಾಳೆ ಇವತ್ತಾಗಿ ಬಂದು ಕೂತಿದೆ. ಬೇರೆ ಶಾಲೆಗಳ ಹೆಡ್‌ಗಳು, ಸಮಿತಿಯವರು, ಎಲ್ಲ ಅವಳ ಗುರುವಾರದ ಪೀರಿಯಡ್ ನೋಡುವುದಕ್ಕೇ ಬರುವವರು. ಹಿಂದೊಮ್ಮೆ ದೊಡ್ಡ ಹುಡುಗಿಯರು ಒಬ್ಬಳನ್ನು ಮೆಟ್ಟಿಲಿನಿಂದ ದೂಡಿ ಅವಳ ಮಣಿಕಟ್ಟು ಮುರಿದಾಗ ಶಾಲೆಯಲ್ಲಿ ದೊಡ್ಡ ರಂಪವಾಗಿತ್ತು. ತಾಯ್ತಂದೆಯರು ಗೇಟಿನ ಮುಂದೆ ನಿಂತಿದ್ದರು, ಹೆಡ್ ಮೇಡಂ ಮುಖ ಇಷ್ಟು ಚಿಕ್ಕದಾಗಿತ್ತು. ಏನೇನು ಮಾಡಬೇಕೆಂದು ತಲೆಗೊಂದು ಮಾತಾಡಿದರು. ಕ್ಯಾಮೆರಾ ಹಾಕಿಸೋಣ ಎಂದವರುಂಟು, ಬೆತ್ತ ವಾಪಸ್ ತರೋಣ ಎಂದವರೂ ಉಂಟು. ಮೂಲೆಯಲ್ಲಿ ಕೂತಿದ್ದ ನೀತಿ ಟೀಚರ್ ಗಂಟಲು ಸರಿಮಾಡಿಕೊಂಡು ಹೇಳಿದ್ದೇ ಈ ಮಾಫಿ. ಶುಕ್ರವಾರದ ರಜೆಗೆ ಮುಂಚೆ, ಗುರುವಾರದ ಕೊನೆಯ ಪೀರಿಯಡ್‌ನಲ್ಲಿ, ವಾರವಿಡೀ ಯಾರು ಯಾರನ್ನು ನೋಯಿಸಿದ್ದರೋ ಅವರು ಎದ್ದು ಹೋಗಿ ನೊಂದವರ ಕೈ ಹಿಡಿದು ಮಾಫ್ ಮಾಡು ಎನ್ನುವುದು, ಅವರು ಮಾಫ್ ಮಾಡಿದೆ ಎನ್ನುವುದು. ಏನು ತಪ್ಪು ಮಾಡಿದೆ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಯಾಕೆ ಎಂದು ಯಾರೂ ಕೇಳಲೂಬಾರದು. ಇನ್ನೊಬ್ಬರ ಐಬನ್ನು ಮುಚ್ಚಿಡುವವನ ಐಬನ್ನು ಅಲ್ಲಾಹನು ಮುಚ್ಚಿಡುತ್ತಾನೆ ಎಂಬ ಪಾಠವನ್ನು ಅವಳು ಅಲ್ಲಿ ಸೇರಿಸಿದ್ದಳು, ಆ ಸೇರ್ಪಡೆಯ ಬಗ್ಗೆ ಅವಳಿಗೆ ಒಳಗೊಳಗೇ ತುಂಬ ಅಭಿಮಾನವಿತ್ತು. ದೂರುಗಳು ನಿಂತವು. ಕನ್ನಡಕದ ಅಂಗಡಿ ಇಟ್ಟಿರುವ ಗಂಡ ಮಾತ್ರ, ಎಲ್ಲದರಲ್ಲೂ ಮೂಗು ತೂರಿಸುವ ಅವನ ಅಭ್ಯಾಸದಂತೆ, ‘ಏನಂತೆ ನಿನ್ನ ಮಾಫಿಯಾ ಪೀರಿಯಡ್ಡು?’ ಎಂದು ರೇಗಿಸುತ್ತಿದ್ದ. ಅವಳು ಮೂಗು ಮುರಿದು ಸುಮ್ಮನಾಗುತ್ತಿದ್ದಳು, ಮೆಚ್ಚಿಗೆಯನ್ನು ತಮಾಷೆ ಮಾಡಿ ಹೇಳುವುದು ಅವನ ಜಾಯಮಾನ ಎಂದುಕೊಂಡು.

‘ಒಣಗಿತೇನಮ್ಮೀ?’ ಮಗಳು ಹಲ್ಲುಜ್ಜುತ್ತಾ ಬಂದು ಬಾಗಿಲಿಗೆ ಒರಗಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಬಿರಿದು ಬಿಳಿಯಾಗಿತ್ತು, ನೀರಲ್ಲೇ ನೆನೆದೂ ನೆನೆದೂ. ರಾತ್ರಿ ಮಲಗುವಾಗ ಮುಲಾಮು ಹಚ್ಚುವವಳು ಟೀಚರೇ. ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆದುಕೊಳ್ಳುವ ವುಜುವನ್ನು ದಿನಕ್ಕೆ ಇಷ್ಟು ಸಲ ಮಾಡುವ ಮಗು ಯಾರ ಮನೆಯಲ್ಲಿದೆ ಎಂದು ಸ್ಟಾಫ್ ರೂಮಿನಲ್ಲಿ ಬೀಗಿದ್ದವಳೂ ಅವಳೇ.

‘ಯಾಕೇ ಇಷ್ಟೊಂದು ಸಲ ವುಜು ಮಾಡ್ತೀಯ? ಮಧ್ಯಾಹ್ನದ ನಮಾಜಿಗೆ ಒಂದು ಸಲ ಮಾಡಿದ್ರೆ ಸಾಕಲ್ಲ?’ ಕೇಳಬೇಕೆಂದು ಕೇಳಿದ್ದಲ್ಲ, ಇಸ್ತ್ರಿ ಮಾಡುವಾಗ ಬಾಯಿಗೆ ಬಂದ ಮಾತು.

‘ಹೋಗ್ಬಿಡುತ್ತಲ್ಲಮ್ಮೀ.’

‘ಏನು ಹೋಗುತ್ತೆ?’

‘ವುಜು. ಅವಳು ತಾಗಿದ್ರೆ ಹೋಗುತ್ತೆ. ಅದೇ, ಹಾಸಿಗೆಯವರ ಹುಡುಗಿ. ಐದನೇ ಕ್ಲಾಸಲ್ಲಿ ನಮಾಜಿನ ಸಾಲಲ್ಲೇ ಉಚ್ಚೆ ಹೊಯ್ಕೊಂಡಿದ್ಲಲ್ಲ, ಆವಾಗಿಂದ.’ ಮಗಳು ಬಾಯಿಯ ನೊರೆ ಉಗಿದು ಬಂದು ಮುಂದುವರಿಸಿದಳು, ಅದೇ ಸರಾಗದಲ್ಲಿ. ‘ಎಲ್ಲಾರೂ ತೊಳ್ಕೊಂಡ್ ಬರ್ತೀವಿ. ಅವಳ ಬ್ಯಾಗ್ ತಾಗಿದ್ರೂ ಹೋಗುತ್ತೆ ಅಂತ ಕೆಲವ್ರು ಅಂತಾರೆ, ನಂಗೆ ಅಷ್ಟೆಲ್ಲ ಇಲ್ಲಪ್ಪ.’

‘ಯಾರ್ ಹೇಳ್ಕೊಟ್ರೇ ನಿಂಗೆ ಇದನ್ನ? ಯಾರನ್ನೋ ಮುಟ್ಟಿದ್ರೆ ವುಜು ಹೋಗುತ್ತೆ ಅಂತ ಯಾವ ಪುಸ್ತಕದಲ್ಲಿದೆ?’

‘ಹೋಗಲ್ಲ ಅಂತ ನಮ್ಗೂ ಗೊತ್ತಮ್ಮೀ. ಅದು ಸುಮ್ನೆ.’ ಅಮ್ಮನ ಮುಖ ನೋಡಿ ಮಗಳಿಗೆ ಸ್ವಲ್ಪ ಗಾಬರಿಯಾಯಿತು. ‘ಗುರುವಾರ ಮಾಫಿ ಕೇಳ್ತೀವಲ್ಲ. ಅವಳೂ ಮಾಫ್ ಅಂತಾಳಲ್ಲ. ಅಲ್ಲಿಗ್ ಮುಗೀತಲ್ಲ?’

ಟೀಚರ್ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಬೈಯಬೇಕು, ಕೆನ್ನೆಗೊಂದು ಬಿಡಬೇಕು, ಕೂರಿಸಿಕೊಂಡು ತಿಳಿಹೇಳಬೇಕು. ಯಾವುದು ಮೊದಲು ಎಂದು ತಿಳಿಯದೆ ತೋಳಿನ ಸುಕ್ಕನ್ನು ಅಂಗೈಯಲ್ಲಿ ಸವರುತ್ತ ನಿಂತಳು. ಕ್ರೂರಿಯಲ್ಲ ಈ ಹುಡುಗಿ. ಬೆಕ್ಕಿನ ಮರಿ ಸತ್ತರೆ ಊಟ ಬಿಡುವವಳು, ಅಪ್ಪನಿಗೆ ತಲೆನೋವೆಂದರೆ ಟೀವಿಯ ದನಿ ತಗ್ಗಿಸುವವಳು. ಆ ಒಳ್ಳೆಯ ಹುಡುಗಿಯೇ ದಿನವೂ ಇನ್ನೊಂದು ಮಗುವಿನ ಕಣ್ಣೆದುರು ಎದ್ದು ಹೋಗಿ, ನಿನ್ನ ಮೈಯೇ ಹೊಲಸು ಎಂದು ನೀರು ಸುರಿದು ಸುರಿದು ಹೇಳುತ್ತಾಳೆ. ಅದಕ್ಕೆ ತಾನು ಮುಲಾಮು ಹಚ್ಚುತ್ತೇನೆ. ‘ಹೊತ್ತಾಯ್ತು, ಬಟ್ಟೆ ಹಾಕ್ಕೋ’ ಎಂದಷ್ಟೇ ಅವಳ ಬಾಯಿಂದ ಬಂತು.

ಶಾಲೆ ದೂರವಿರಲಿಲ್ಲ, ಇಬ್ಬರೂ ನಡೆದೇ ಹೋಗುತ್ತಿದ್ದರು. ಮಗಳು ಅಂಗಡಿಯ ಗಾಜುಗಳಲ್ಲಿ ತನ್ನ ಜಡೆ ನೋಡಿಕೊಳ್ಳುತ್ತ ಮುಂದೆ ಮುಂದೆ. ಬೆನ್ನ ಹಿಂದಿನಿಂದ ನೋಡುವಾಗ ಮಕ್ಕಳ ಕತ್ತು ಇಷ್ಟು ತೆಳ್ಳಗಿರುತ್ತದೆಯೇ ಎನ್ನಿಸಿತು ಟೀಚರಿಗೆ. ಅಂತಿಮ ದಿನ ಕೆಲವರು ನಮಾಜು, ಉಪವಾಸದ ರೋಜಾಗಳನ್ನೆಲ್ಲ ಹೊತ್ತು ತರುತ್ತಾರೆ, ಆದರೆ ಒಬ್ಬರನ್ನು ಬೈದಿರುತ್ತಾರೆ, ಒಬ್ಬರನ್ನು ನೋಯಿಸಿರುತ್ತಾರೆ. ಅವರ ಪುಣ್ಯವನ್ನೆಲ್ಲ ತೆಗೆದು ನೊಂದವರಿಗೆ ಹಂಚಲಾಗುತ್ತದೆ, ಪುಣ್ಯ ತೀರಿಹೋದರೆ ನೊಂದವರ ಪಾಪವನ್ನು ಇವರ ತಲೆಗೆ ಹೇರಲಾಗುತ್ತದೆ. ಈ ಪಾಠ ಮಾಡುವಾಗ ಹುಡುಗಿಯರು ಪೆನ್ನು ಕಚ್ಚುವುದನ್ನೂ ಬಿಟ್ಟು ಕೇಳುತ್ತಿದ್ದರು. ಪಾಠ ಮಾಡುವವಳು ಮಾತ್ರ ಅಂತಿಮ ದಿನದ ಆ ಸಾಲಿನಲ್ಲಿ ಬರಿಗೈಯಲ್ಲಿ ನಿಂತವರ ಮುಖವನ್ನು ಎಂದೂ ಕಲ್ಪಿಸಿಕೊಂಡಿರಲಿಲ್ಲ. ಈಗ ಆ ಮುಖಕ್ಕೆ ಎರಡು ಜಡೆಗಳಿದ್ದವು. ಹಾಗಾಗದಂತೆ ತಡೆಯಲು ಇಡೀ ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ ಸಾಧ್ಯ, ಆ ಒಬ್ಬಳು ನಿನ್ನೆ ಬಾಗಿಲಲ್ಲಿ ನಿಂತು, ಮಾಫ್ ಮಾಡಲ್ಲ ಅಂದ್ರೆ ಪಾಪ ಬರುತ್ತಾ ಎಂದು ಕೇಳಿ ಹೋಗಿದ್ದಾಳೆ. ಯಾರಿಗೆ ಮಾಡಲ್ಲ ಎಂದು ತಾನು ಕೇಳಲಿಲ್ಲವಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡಳು, ಹಾಗೆಂದುಕೊಂಡದ್ದಕ್ಕೆ ನಾಚಿದಳು, ಅಷ್ಟರಲ್ಲಿ ಗೇಟು ಬಂತು.

ಪ್ರಾರ್ಥನೆ ಮುಗಿದು ಸಾಲುಗಳು ಒಡೆಯುವ ಗಲಾಟೆಯಲ್ಲಿ ಅವಳು ಕಾರಿಡಾರಿನ ಕಂಬದ ಪಕ್ಕ ನಿಂತಳು. ಹಿತ್ತಲ ಗೋಡೆಗೆ ಹೊಂದಿಕೊಂಡು ವುಜುವಿಗಾಗಿ ಕಟ್ಟಿಸಿದ ನಲ್ಲಿಗಳ ಸಾಲು ಅಲ್ಲಿಂದ ಕಾಣುತ್ತದೆ. ಹಾಸಿಗೆಯವರ ಹುಡುಗಿ ಬ್ಯಾಗನ್ನು ಎದೆಗೆ ಅವಚಿಕೊಂಡು, ತೋಳುಗಳನ್ನು ಮೈಗೆ ಅಂಟಿಸಿಕೊಂಡು, ಆದಷ್ಟು ಕಡಿಮೆ ಜಾಗ ಹಿಡಿಸುವಂತೆ ಗೋಡೆಯ ಅಂಚಿನಲ್ಲೇ ನಡೆದು ಬರುತ್ತಿದ್ದಳು. ಹಾಗಿದ್ದರೂ ಯಾರದೋ ಲಂಗ ತಾಗಿತು, ಅಥವಾ ತಾಗಿಸಿಕೊಂಡರು. ‘ಅಯ್ಯೋ ಹೋಯ್ತು ಹೋಯ್ತು’ ಎಂದು ನಗು ಎದ್ದು ನಾಲ್ಕಾರು ಮಂದಿ ನಲ್ಲಿಗೆ ಓಡಿದರು. ತೋಳು ಮೇಲೇರಿಸಿ, ಬಾಯಿ ಮುಕ್ಕಳಿಸಿ, ಕ್ರಮ ತಪ್ಪದೆ, ಕಲಿಸಿದ್ದನ್ನು ಕಲಿಸಿದ ಹಾಗೆಯೇ. ಒಬ್ಬಳು ಕೊನೆಯಲ್ಲಿ ಓದಬೇಕಾದ ದುವಾವನ್ನೂ ರಾಗವಾಗಿ ಓದಿದಳು. ಈ ನೋಟವನ್ನು ಟೀಚರ್ ಎಷ್ಟು ಸಲ ನೋಡಿಲ್ಲ! ಕಳೆದ ತಿಂಗಳು ಹೆಡ್ ಮೇಡಂ ಇದನ್ನೇ ಕಂಡು ಪ್ರಾರ್ಥನೆಯ ವೇಳೆಯಲ್ಲಿ ಮೈಕಿನ ಮುಂದೆ, ‘ಏಳನೇ ಕ್ಲಾಸಿನವರನ್ನ ನೋಡಿ ಕಲೀರಿ, ಶುದ್ಧಿ ಅಂದ್ರೆ ಏನು ಅಂತ’ ಎಂದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಸಾಲಿನ ಕೊನೆಯಲ್ಲಿ ಹಾಸಿಗೆಯವರ ಹುಡುಗಿಯೂ ತಟ್ಟಿದ್ದಳು, ಅದು ಟೀಚರಿಗೆ ಈಗ ನೆನಪಿಗೆ ಬಂತು. ಹೋಗಿ ಆ ತೊಳೆಯುವವರ ಕಿವಿ ಹಿಂಡಬೇಕು ಎಂದು ಒಂದು ಹೆಜ್ಜೆ ಮುಂದಿಟ್ಟಳು. ಅವರ ನಡುವೆ ತನ್ನ ಮಗಳ ಎರಡು ಜಡೆ ಕಂಡವು. ಆ ಹೆಜ್ಜೆ ಅಲ್ಲಿಗೇ ನಿಂತಿತು.

‘ಟೀಚರ್, ಎಲ್ಲಿದೀರಿ ನೀವು, ನಾನು ಶಾಲೆಯೆಲ್ಲ ಹುಡುಕ್ತಾ ಇದೀನಿ’ ಎಂದು ಹೆಡ್ ಮೇಡಂ ಬಂದರು. ಕುರ್ಚಿ ಎಲ್ಲಿ ಹಾಕಿಸಬೇಕು, ಬಿಸ್ಕತ್ತು ಪೀರಿಯಡ್‌ಗೆ ಮುಂಚೆಯೋ ಆಮೇಲೋ, ಫ್ಯಾನು ಸದ್ದು ಮಾಡುತ್ತಲ್ಲ ಆರಿಸಿಬಿಡೋಣವಾ. ಟೀಚರ್ ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಧೈರ್ಯ ತಂದುಕೊಂಡು, ‘ಮೇಡಂ, ಇವತ್ತು ಏಳನೇ ಕ್ಲಾಸ್ ಬೇಡ ಅನ್ಸುತ್ತೆ. ಆರನೇ ಕ್ಲಾಸ್ ತೋರಿಸೋಣ’ ಎಂದಳು.

‘ಯಾಕ್ರೀ? ಏಳನೇದವ್ರು ಚೆನ್ನಾಗಿ ಅಳ್ತಾರೆ.’ ಹೆಡ್ ಮೇಡಂ ಇದನ್ನು ತಮಾಷೆಗೆ ಹೇಳಲಿಲ್ಲ. ‘ಆರನೇದು ಬರೀ ಕಿಸಿಕಿಸಿ. ಆಮೇಲೆ ಆ ಹಾಸಿಗೆಯವರ ಹುಡುಗೀನ ಮುಂದಿನ ಬೆಂಚಲ್ಲಿ ಕೂರ್ಸಿ. ಎಲ್ಲಾರೂ ಅವಳ ಹತ್ರಾನೇ ಹೋಗೋದಲ್ವಾ, ಬಂದವ್ರಿಗೆ ಕಾಣಬೇಕು.’

‘ಎಲ್ಲಾರೂ ಅವಳ ಹತ್ರಾನೇ ಯಾಕ್ ಹೋಗ್ತಾರೆ ಅಂತ ಯೋಚ್ನೆ ಮಾಡಿದೀರಾ ಮೇಡಂ?’

‘ಪಾಪದ ಹುಡುಗಿ, ಎಲ್ಲರಿಗೂ ಇಷ್ಟ ಇರ್ಬೇಕು.’ ಹೆಡ್ ಮೇಡಂ ಗಡಿಯಾರ ನೋಡಿಕೊಂಡರು. ‘ಯಾಕೆ, ಏನಾದ್ರೂ ಸಮಸ್ಯೆನಾ?’

ಆ ಕ್ಷಣ ಅವಳೆದುರು ತೆರೆದೇ ಇತ್ತು. ಸಮಸ್ಯೆ ಇದೆ ಮೇಡಂ, ಶಾಲೆಯಲ್ಲಿ ಕಾಟ ನಿಂತಿಲ್ಲ, ಕಾಟಕ್ಕೆ ನಾವು ವಾರಕ್ಕೊಂದು ಪೀರಿಯಡ್ ಕೊಟ್ಟಿದ್ದೇವೆ, ಕಾಟ ಕೊಡುವವರಲ್ಲಿ ನನ್ನ ಮಗಳೂ ಇದ್ದಾಳೆ. ಕೊನೆಯ ಮಾತನ್ನು ಆಡಲಾಗದ್ದರಿಂದ ಮೊದಲಿನ ಮಾತುಗಳೂ ಹೊರಬರಲಿಲ್ಲ. ಸಮಿತಿಯವರ ಮುಂದೆ ತನ್ನ ಹೆಸರು ಹೋಗುವುದು ಒಂದು, ಮಗಳ ಹೆಸರು ಹೋಗುವುದು ಇನ್ನೊಂದು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆ ಎಂದು ಅವಳಿಗೇ ಹೇಳಲಾಗಲಿಲ್ಲ. ‘ಏನಿಲ್ಲ ಮೇಡಂ’ ಎಂದಳು. ಐಬು ಮುಚ್ಚಿಡುವುದು ಇಷ್ಟು ಸುಲಭ ಎಂದು ಪಾಠ ಮಾಡುವಾಗ ಅನ್ನಿಸಿರಲಿಲ್ಲ.

ಊಟದ ಬಿಡುವಿನಲ್ಲಿ ಹುಡುಗಿಯನ್ನು ಹುಡುಕಿಕೊಂಡು ಹೋದಳು. ಲ್ಯಾಬಿನ ಹಿಂದೆ, ಉಪಯೋಗಿಸದ ಮೆಟ್ಟಿಲ ಮೇಲೆ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ತಿನ್ನುತ್ತಿದ್ದಳು. ಟೀಚರನ್ನು ಕಂಡು ಧಡಕ್ಕನೆ ಎದ್ದಳು. ‘ಕೂತ್ಕೋ, ಕೂತ್ಕೋ’ ಎಂದು ಟೀಚರ್ ತಾನೂ ಪಕ್ಕದಲ್ಲಿ ಕೂತಳು. ಕೂರುವಾಗ ಭುಜಕ್ಕೆ ಭುಜ ತಾಗಿತು. ಹುಡುಗಿ ಚುಚ್ಚಿಸಿಕೊಂಡವಳಂತೆ ಪಕ್ಕಕ್ಕೆ ಸರಿದು, ‘ಸಾರಿ ಟೀಚರ್’ ಎಂದಳು. ತಾನು ತಾಗಿದ್ದಕ್ಕೆ ಅವಳು ಕ್ಷಮೆ ಕೇಳಿದ್ದು ಟೀಚರಿಗೆ ತಡೆಯಲಾಗಲಿಲ್ಲ. ಬೇಕೆಂದೇ ಹತ್ತಿರ ಸರಿದು, ಆ ತಲೆಯನ್ನು ತನ್ನ ಕಡೆ ಬಗ್ಗಿಸಿಕೊಂಡು, ಕೂದಲಿಗೆ ಅಂಟಿದ್ದ ಅರಳೆಯ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಮನೆಯಲ್ಲೇ ಹತ್ತಿ ಹಿಂಜುತ್ತಾರೇನೋ. ಎಣ್ಣೆ ಹಚ್ಚಿದ ಕೂದಲು, ಅಲ್ಲಲ್ಲಿ ಬಿಳಿ ಬಿಳಿ. ಹುಡುಗಿ ಉಸಿರು ಬಿಗಿಹಿಡಿದು ಕೂತಿದ್ದಳು. ಬಹಳ ದಿನಗಳಿಂದ ಈ ಶಾಲೆಯಲ್ಲಿ ಅವಳನ್ನು ಯಾರೂ ಮುಟ್ಟಿಲ್ಲ, ಗುರುವಾರದ ಕೊನೆಯ ಪೀರಿಯಡ್‌ನಲ್ಲಿ ಬಿಟ್ಟರೆ.

‘ನಿನ್ನೆ ಒಂದು ಮಾತು ಕೇಳಿದ್ಯಲ್ಲ’ ಎಂದು ಟೀಚರ್ ಶುರು ಮಾಡಿದಳು. ಪಾಪ ಬರಲ್ಲಮ್ಮ. ಅದು ನಿನ್ನ ಹಕ್ಕು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಖಂಡಿತ ಬಂದಿತ್ತು.

‘ಹ್ಞೂಂ ಟೀಚರ್. ನಾನು ಎಲ್ಲಾರಿಗೂ ಮಾಡ್ತೀನಿ.’ ಹುಡುಗಿ ಡಬ್ಬಿಯ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತ ಹೇಳಿದಳು. ‘ಒಬ್ಬರಿಗೆ ಮಾತ್ರ ಮಾಡಕ್ ಆಗ್ತಾ ಇಲ್ಲ. ಬಾಯಲ್ಲಿ ಹೇಳ್ತೀನಿ, ಒಳಗಡೆ ಆಗ್ತಾ ಇಲ್ಲ. ಸುಳ್ಳು ಹೇಳ್ದಂಗೆ ಆಗುತ್ತಲ್ವಾ ಟೀಚರ್? ಅದಕ್ಕೇ ಕೇಳಿದ್ದು.’

‘ಯಾರಿಗೆ?’

ಹುಡುಗಿ ಟೀಚರಿನ ಚಪ್ಪಲಿ ನೋಡಿದಳು. ‘ಮಿಕ್ಕೋರೆಲ್ಲ ಮೊದಲಿಂದ ಹಾಗೇ ಟೀಚರ್. ಅವಳು ನನ್ ಫ್ರೆಂಡ್ ಆಗಿದ್ಲು’ ಎಂದಳು.

ಹೌದಲ್ಲ. ಐದನೇ ತರಗತಿಯವರೆಗೆ ಇಬ್ಬರೂ ಒಂದೇ ಬೆಂಚು. ಮನೆಗೂ ಬರುತ್ತಿದ್ದಳು, ಅಡಿಗೆಮನೆಯ ನೆಲದ ಮೇಲೆ ಕೂತು ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡದ್ದುಂಟು. ಗಂಡ ಅವಳ ಮೂಗಿಗೆ ಅಂಗಡಿಯ ಖಾಲಿ ಫ್ರೇಮು ಹಾಕಿ ‘ಏನಮ್ಮಾ ಪ್ರೊಫೆಸರ್’ ಎಂದು ನಗಿಸುತ್ತಿದ್ದ. ಯಾವಾಗ ಬರುವುದನ್ನು ನಿಲ್ಲಿಸಿದಳು ಎಂದು ಟೀಚರ್ ಗಮನಿಸಿರಲಿಲ್ಲ. ಮಕ್ಕಳ ಸ್ನೇಹ, ಇವತ್ತು ಇವಳು ನಾಳೆ ಅವಳು ಎಂದುಕೊಂಡಿದ್ದಿರಬೇಕು. ಕೂದಲಿನಲ್ಲಿದ್ದ ಬೆರಳುಗಳು ಹಾಗೆಯೇ ನಿಂತವು. ಈಗ ಇಲ್ಲಮ್ಮ, ಪಾಪ ಬರಲ್ಲ ಎಂದರೆ, ಈ ಬಾಯಿಂದಲೇ ಅಂದರೆ, ಮಗಳ ತಲೆಯ ಮೇಲಿನ ಒಂದೇ ಒಂದು ಸೂರನ್ನು ತಾನೇ ಕಿತ್ತು ಹಾಕಿದಂತೆ. ಮಾಫ್ ಮಾಡು ತಾಯಿ, ಅವಳು ನನ್ನ ಮಗಳು ಎಂದರೆ, ಟೀಚರೊಬ್ಬಳು ಹನ್ನೆರಡು ವರ್ಷದ ಹುಡುಗಿಯ ಕುತ್ತಿಗೆ ಹಿಡಿದು ಮಾಫಿ ಕಿತ್ತುಕೊಂಡಂತೆ. ಎರಡನ್ನೂ ಹೇಳಲಾರದೆ ಅವಳು ಕೈ ಹಿಂದೆಗೆದುಕೊಂಡಳು.

‘ಇವತ್ತು ಮುಂದಿನ ಬೆಂಚಲ್ಲಿ ಕೂತ್ಕೋಬೇಕಂತೆ, ಹೆಡ್ ಮೇಡಂ ಹೇಳಿದಾರೆ’ ಎಂದಳು. ‘ಊಟ ಮುಗಿಸು.’

‘ಸರಿ ಟೀಚರ್’ ಎಂದಳು ಹುಡುಗಿ. ತನ್ನ ಪ್ರಶ್ನೆಗೆ ಇದೇ ಉತ್ತರ ಎಂದುಕೊಂಡಳೋ ಏನೋ, ಮತ್ತೆ ಕೇಳಲಿಲ್ಲ.

ಕೊನೆಯ ಪೀರಿಯಡ್‌ಗೆ ಅತಿಥಿಗಳು ಗೋಡೆಯ ಗುಂಟ ಕೂತರು. ಫ್ಯಾನು ಆರಿಸಿದ್ದರಿಂದ ಎಲ್ಲರ ಹಣೆಯೂ ಹೊಳೆಯುತ್ತಿತ್ತು. ಟೀಚರ್ ಪಾಠದಿಂದ ಪ್ರಾರಂಭಿಸಿದಳು: ಯಾರನ್ನೂ ಗೇಲಿ ಮಾಡಬಾರದು, ಗೇಲಿಗೊಳಗಾದವರು ನಮಗಿಂತ ಉತ್ತಮರಿದ್ದಾರು, ಅಡ್ಡಹೆಸರಿಟ್ಟು ಕರೆಯಬಾರದು, ನಮ್ಮ ನಾಲಿಗೆಯಿಂದ, ನಮ್ಮ ಕೈಯಿಂದ ಯಾರಿಗೂ ನೋವಾಗಬಾರದು. ದನಿ ಎಂದಿನಂತೆ ಇಂಪಾಗಿಯೇ ಬಂತು. ಅದು ತನ್ನ ದನಿಯೆಂದು ಅವಳಿಗೆ ಅನ್ನಿಸಲಿಲ್ಲ. ಕೈಯಿಂದ ಎಂದಾಗ ಮುಂದಿನ ಬೆಂಚಿನ ಹುಡುಗಿ ತನ್ನ ಕೈಗಳನ್ನು ಡೆಸ್ಕಿನ ಕೆಳಗೆ ಎಳೆದುಕೊಂಡಳು. ಅವಳ ಪಕ್ಕದ ಜಾಗ ಖಾಲಿ. ಅದನ್ನು ತುಂಬಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ದಪ್ಪ ಕನ್ನಡಕದ ಅತಿಥಿಯೊಬ್ಬರು ಕೈಯೆತ್ತಿ, ‘ಏನ್ ತಪ್ಪು ಮಾಡಿದ್ರು ಅಂತ ನೀವು ಕೇಳೋದೇ ಇಲ್ವಾ?’ ಎಂದರು. ಟೀಚರ್ ಇತರರ ಐಬು ಮುಚ್ಚಿಡುವ ಮಾತನ್ನು ವಿವರಿಸಿದಳು. ‘ಎಂಥಾ ಮಾತು!’ ಎಂದು ಆ ಅತಿಥಿ ಪಕ್ಕದವರ ಕಡೆ ತಿರುಗಿ ಹುಬ್ಬೇರಿಸಿದರು. ‘ನಮ್ಮಲ್ಲಿ ಎಲ್ಲವನ್ನೂ ಕೆದಕ್ತೀವಿ, ಅದಕ್ಕೇ ವಾಸಿ ಆಗಲ್ಲ.’

ಆಮೇಲೆ ಹುಡುಗಿಯರು ಎದ್ದರು. ಒಬ್ಬರಾದ ಮೇಲೊಬ್ಬರು ಮುಂದಿನ ಬೆಂಚಿಗೆ ಬಂದು, ಎಲ್ಲರೆದುರು ಆ ಕೈ ಹಿಡಿದು, ‘ಮಾಫ್ ಮಾಡು’ ಎಂದರು. ‘ಮಾಫ್ ಮಾಡಿದೆ.’ ‘ಮಾಫ್ ಮಾಡು.’ ‘ಮಾಫ್ ಮಾಡಿದೆ.’ ಹುಡುಗಿ ಪ್ರತಿಯೊಬ್ಬರಿಗೂ ಕೈ ಕೊಟ್ಟಳು, ಕೊಟ್ಟ ಕೈಯನ್ನು ಅವರು ಬಿಟ್ಟ ಕೂಡಲೇ ಡೆಸ್ಕಿನ ಕೆಳಗೆ ಒಯ್ದಳು. ಟೀಚರ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತು ನೋಡುತ್ತಿದ್ದಳು. ವರ್ಷವಿಡೀ ಇದನ್ನೇ ನೋಡಿ ತನ್ನ ಕಣ್ಣು ತೇವವಾಗುತ್ತಿತ್ತಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯ ಬಂತು. ಕೊನೆಗೆ ಮಗಳು ಎದ್ದಳು. ಬೆಳಿಗ್ಗೆ ಅಮ್ಮನ ಮುಖ ನೋಡಿದಾಗಿನಿಂದ ಅವಳೊಳಗೂ ಏನೋ ಕೊರೆಯುತ್ತಿತ್ತೇನೋ, ಇವತ್ತು ಅವಳು ನಿಜವಾಗಿ ಅಳುತ್ತಿದ್ದಳು. ಮೂಗು ಸೋರಿ, ಮುಖ ಕೆಂಪಾಗಿ, ಹಳೆಯ ಗೆಳತಿಯ ಕೈಯನ್ನು ತನ್ನ ಎರಡೂ ಬಿರಿದ ಕೈಗಳಲ್ಲಿ ಹಿಡಿದು, ‘ನಂಗೆ ಮಾಫ್ ಮಾಡೇ, ಪ್ಲೀಸ್’ ಎಂದಳು. ತೋರಿಕೆಯಲ್ಲ. ಹೆತ್ತವಳಿಗೆ ಗೊತ್ತಾಗುತ್ತದೆ.

ಹುಡುಗಿ ಟೀಚರಿನ ಮಗಳ ಮುಖ ನೋಡುತ್ತಿದ್ದಳು, ಬೇರೆ ಯಾರ ಮುಖವನ್ನೂ ಅವಳು ಹಾಗೆ ನೋಡಿರಲಿಲ್ಲ. ಕುರ್ಚಿಗಳ ಕಡೆಯಿಂದ ಯಾರೋ ಕೆಮ್ಮಿದರು. ಹಿಂದಿನ ಬೆಂಚಿನಿಂದ ‘ಏ, ಹೇಳೇ’ ಎಂಬ ಪಿಸುಮಾತು ಬಂತು. ಹೆಡ್ ಮೇಡಂ ನಗುತ್ತಲೇ ಇದ್ದರು, ಆ ನಗು ಬಿಗಿಯಾಗುತ್ತಿತ್ತು. ಆಗ ಹುಡುಗಿ ತಲೆ ತಿರುಗಿಸಿ ಟೀಚರನ್ನು ನೋಡಿದಳು. ನಿನ್ನೆ ಬಾಗಿಲಲ್ಲಿ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಳು, ಮಾತಿಲ್ಲದೆ. ಒಂದು ಸಲ ಇಲ್ಲವೆಂದು ತಲೆಯಾಡಿಸಿದ್ದರೆ ಸಾಕಿತ್ತು. ಬೇಡ, ಕೂತ್ಕೋಮ್ಮ ಎಂದು ಪೀರಿಯಡ್ ಮುಗಿಸಿದ್ದರೂ ಸಾಕಿತ್ತು. ಟೀಚರಿಗೆ ಕಂಡದ್ದು ಮಗಳ ನಡುಗುವ ಕತ್ತು. ಅಷ್ಟು ತೆಳ್ಳಗಿನ ಕತ್ತು, ಅಂತಿಮ ದಿನದ ಅಷ್ಟು ಉದ್ದದ ಸಾಲು, ಆ ಬರಿಗೈ. ಹಿಂಡಿ ತೆಗೆದ ಮಾಫಿ ಮಾಫಿಯೇ ಅಲ್ಲ, ಅಲ್ಲಿ ಅದು ಚಲಾವಣೆಯಾಗುವುದಿಲ್ಲ ಎಂದು ಅವಳಷ್ಟು ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಬೇಕಿತ್ತು. ತಾಯಿಯ ಹೊಟ್ಟೆಗೆ ಅದು ಬೇಕೇ ಬೇಕಿತ್ತು.

‘ಹೇಳಮ್ಮ’ ಎಂದಳು.

ಹುಡುಗಿ ಇನ್ನೂ ಒಂದು ಕ್ಷಣ ಅವಳನ್ನೇ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ, ಅಳು ಬರಲಿಲ್ಲ. ಇದ್ದದ್ದೇನೋ ಹೋಯಿತು, ಅಷ್ಟೆ. ಮಗಳ ಕಡೆ ತಿರುಗಿ, ‘ಮಾಫ್ ಮಾಡಿದೆ’ ಎಂದಳು. ಚಪ್ಪಾಳೆ ಬಿತ್ತು. ದಪ್ಪ ಕನ್ನಡಕದ ಅತಿಥಿ ಕಣ್ಣೊರೆಸಿಕೊಂಡು ಬಂದು, ಹೆಡ್ ಮೇಡಂ ಹೇಳಿ ಗೊತ್ತಾಯಿತಂತೆ, ‘ನಿಮ್ಮ ಮಗಳಾ? ಸ್ವಂತ ಮಗಳನ್ನೂ ಬಿಡದೆ ಎಲ್ಲರ ಮುಂದೆ ನಿಲ್ಲಿಸಿದ್ರಲ್ಲ, ದೊಡ್ಡದು ಕಣಮ್ಮ’ ಎಂದು ಟೀಚರಿನ ಬೆನ್ನು ತಟ್ಟಿದರು. ಬಿಸ್ಕತ್ತಿನ ತಟ್ಟೆ ಬಂತು. ಎಲ್ಲ ಶಾಲೆಗಳಲ್ಲೂ ಮುಂದಿನ ತಿಂಗಳಿಂದಲೇ ಶುರು ಮಾಡೋಣ ಎಂದು ಸಮಿತಿಯವರೊಬ್ಬರು ಹೇಳುತ್ತಿದ್ದರು. ಟೀಚರ್ ಕೈಯಲ್ಲಿ ಚಹಾ ಹಿಡಿದುಕೊಂಡು, ಹೌದು ಹೌದು ಎಂದು ಯಾರಿಗೋ ಹೇಳಿದಳು. ಕಿಟಕಿಯಿಂದ ನಲ್ಲಿಗಳ ಸಾಲು ಕಾಣುತ್ತಿತ್ತು. ಮಗಳು ಅಲ್ಲಿರಲಿಲ್ಲ, ಬೇರೆ ನಾಲ್ಕಾರು ಹುಡುಗಿಯರು ತೋಳು ಮೇಲೇರಿಸಿ ತೊಳೆದುಕೊಳ್ಳುತ್ತಿದ್ದರು. ಮಗಳು ಇಲ್ಲದ್ದಕ್ಕೆ ಸಮಾಧಾನವಾಯಿತು. ಆ ಸಮಾಧಾನ ಎಂಥ ಅಲ್ಪದ್ದೆಂದು ತಿಳಿದು, ಲೋಟ ಕಿಟಕಿಯ ಮೇಲಿಟ್ಟು ಹೊರಗೆ ನಡೆದಳು.

ಗೇಟಿನ ಹತ್ತಿರ ಮಕ್ಕಳು ಚದುರುತ್ತಿದ್ದರು. ಹಾಸಿಗೆಯವರ ಹುಡುಗಿ ಎಂದಿನಂತೆ ಗೋಡೆಯ ಅಂಚು ಹಿಡಿದು ಹೋಗುತ್ತಿದ್ದಳು. ಟೀಚರ್ ಹೆಚ್ಚುಕಡಿಮೆ ಓಡಿಯೇ ಹೋಗಿ ಅವಳನ್ನು ನಿಲ್ಲಿಸಿದಳು. ಏದುಸಿರು ಬರುತ್ತಿತ್ತು. ಹೇಳಬೇಕಾದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು: ಪಾಪ ಬರುತ್ತಿರಲಿಲ್ಲ, ನಿನ್ನೆಯೇ ಹೇಳಬೇಕಿತ್ತು, ಮಧ್ಯಾಹ್ನ ಹೇಳಬೇಕಿತ್ತು, ನಿನ್ನ ಹಕ್ಕನ್ನು ನಾನು ಎಲ್ಲರೆದುರು ಕಿತ್ತುಕೊಂಡೆ, ನನ್ನ ಮಗಳಿಗಾಗಿ ಕಿತ್ತುಕೊಂಡೆ. ಹುಡುಗಿಯ ಎದುರು ಬಗ್ಗಿ, ಅವಳ ಎರಡೂ ಕೈ ಹಿಡಿದುಕೊಂಡಳು. ಆ ಕೈಗಳು ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

‘ಮಗಾ, ನಂಗೆ ಮಾಫ್...’

‘ಮಾಫ್ ಮಾಡಿದೆ ಟೀಚರ್.’

ಮಾತು ಮುಗಿಯುವ ಮುಂಚೆಯೇ ಬಂತು ಉತ್ತರ, ತರಗತಿಯಲ್ಲಿ ಬಂದ ಅದೇ ದನಿಯಲ್ಲಿ. ಟೀಚರ್ ಆ ಕೈಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

‘ಯಾಕೆ ಅಂತ ಕೇಳಮ್ಮ’ ಎಂದಳು. ಬೇಡುವ ದನಿಯಾಗಿತ್ತು ಅದು. ‘ನಾನು ಏನ್ ಮಾಡಿದೆ ಅಂತ ಕೇಳು.’

‘ಕೇಳಬಾರ್ದಲ್ವಾ ಟೀಚರ್’ ಎಂದಳು ಹುಡುಗಿ, ಪಾಠ ಒಪ್ಪಿಸುವವಳಂತೆ ವಿನಯದಿಂದ. ಆಮೇಲೆ, ಟೀಚರ್ ಕೈ ಬಿಡುತ್ತಾರೇನೋ ಎಂದು ಕಾದು ನಿಂತಳು.